ಹಳೆ ಬಣ್ಣ ಕೆರೆಯುವ ಮುನ್ನ

ಭತ್ತದ ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ಸಿಂಧನೂರು ಸೀಮೆಯಲ್ಲಿ ಮದುವೆಯ ಮಾತುಕತೆಯ ಜೊತೆಗೇ ಮನೆಗೆ ಬಣ್ಣ ಬಳಿಸುವ ಮಾತೂ ಏಳುತ್ತದೆ. ಸಾಲಗುಂದದಂಥ ಊರುಗಳಲ್ಲಿ ಇದು ಬರೀ ಅಂದಚಂದದ ಮಾತಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಗೆ ಭತ್ತ ತಂದಿತು, ಜೊತೆಗೆ ಜವಳನ್ನೂ ತಂದಿತು. ಎರೆ ನೆಲ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕಾಲುವೆ ತುಂಬಿ ಹರಿಯುವ ತಿಂಗಳುಗಳಲ್ಲಿ ಗದ್ದೆಗೆ ಹತ್ತಿಕೊಂಡ ಮನೆಗಳ ಬುನಾದಿಯಿಂದ ತೇವ ಮೇಲೇರುತ್ತದೆ, ತೇವದೊಂದಿಗೆ ಉಪ್ಪೂ ಏರುತ್ತದೆ. ನೆಲದಿಂದ ಎರಡು–ಮೂರು ಅಡಿಯವರೆಗೆ ಬಣ್ಣ ಗುಳ್ಳೆ ಎದ್ದು ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಉದುರುತ್ತದೆ. ಬಚ್ಚಲ ಗೋಡೆಯಲ್ಲೂ ಅಡುಗೆಮನೆಯ ಮೂಲೆಯಲ್ಲೂ ಕಪ್ಪು ಬೂಷ್ಟು ಕೂರುತ್ತದೆ.

ಬಣ್ಣದವನು ಬಂದು ನೋಡಿ, "ಹಳೇದೆಲ್ಲಾ ಕೆರೆದು ತೆಗೀಬೇಕ್ರೀ, ಇಲ್ಲಾಂದ್ರ ಹೊಸಾದು ನಿಲ್ಲಂಗಿಲ್ಲ" ಅನ್ನುತ್ತಾನೆ. ಉದುರುವ ಬಣ್ಣದ ಮಟ್ಟಿಗೆ ಅವನು ಹೇಳುವುದು ಸರಿ. ಆದರೆ ಆ ಗೋಡೆಯ ಕೆಳಭಾಗವನ್ನು ಒಮ್ಮೆ ಗಮನಿಸಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೇಲೆ ಸುಣ್ಣವೋ ಡಿಸ್ಟೆಂಪರೋ ಇದ್ದರೂ, ಕೆಳಗಿನ ಮೂರಡಿಗೆ ಆಯಿಲ್ ಪೇಂಟಿನ ಪಟ್ಟಿ ಇರುತ್ತದೆ. ಮಕ್ಕಳ ಕೈಕೊಳೆ ಒರೆಸಲು ಅನುಕೂಲವೆಂದು ಅಜ್ಜ-ಅಪ್ಪಂದಿರ ಕಾಲದಿಂದ ಬಂದ ರೂಢಿ ಅದು. ತೇವ ಏರುವುದು ಆ ಮೂರಡಿಗೇ, ಬಣ್ಣ ಉದುರುವುದು ಅಲ್ಲೇ, ಅಂಬೆಗಾಲಿಡುವ ಮಗುವಿನ ಕೈ ತಾಗುವುದೂ ಅಲ್ಲಿಗೇ. ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಎಮೆರಿ ಕಾಗದ ಹಿಡಿದು ಅದನ್ನು ಒಣಗಿದ್ದಂತೆಯೇ ಉಜ್ಜಿದರೆ, ಗೋಡೆಗೆ ಅಂಟಿಕೊಂಡು ಸುಮ್ಮನಿದ್ದ ಸೀಸ ಮನೆಯ ತುಂಬ ಹಿಟ್ಟಿನಂಥ ಧೂಳಾಗಿ ಹರಡುತ್ತದೆ.

ಬಣ್ಣ ಕೆಟ್ಟಿತು ಎಂದಾಗ ನಮ್ಮ ಮೂಗು ಬೇಗ ಎಚ್ಚೆತ್ತುಕೊಳ್ಳುತ್ತದೆ. ಡಬ್ಬಿಯೊಳಗೆ ಕೊಳೆತ ಬಣ್ಣದ ನಾತಕ್ಕೆ ಹೆದರುತ್ತೇವೆ. ಸೀಸಕ್ಕೆ ನಾತವಿಲ್ಲ. ಹೆಚ್ಚು ಹಾನಿ ಮಾಡುವುದು ಅದೇ. ಹಾಗಾಗಿ ಈ ಎರಡನ್ನೂ ಬೇರೆಬೇರೆಯಾಗಿ ಅರಿತುಕೊಳ್ಳಬೇಕು, ಇವೆರಡೂ ಕೂಡುವ ಜಾಗವನ್ನೂ ಅರಿತುಕೊಳ್ಳಬೇಕು.

ಡಬ್ಬಿಯೊಳಗೆ ಕೊಳೆಯುವ ಬಣ್ಣ

ಹೋದ ವರ್ಷ ಉಳಿದ ಎಮಲ್ಷನ್ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೆರೆದಾಗ ಕೆಲವೊಮ್ಮೆ ಮುಚ್ಚಳ ಇಡ್ಲಿ ಹಿಟ್ಟು ಉಬ್ಬಿದ ಹಾಗೆ ಮೇಲೆದ್ದಿರುತ್ತದೆ. ತೆರೆದೊಡನೆ ಕೊಳೆತ ಮೊಟ್ಟೆಯ ನಾತ ಅಥವಾ ಹುಳಿ ವಾಸನೆ. ಮೇಲೆ ಬೂದು-ಹಸಿರು ಬೂಷ್ಟಿನ ಪದರ. ಕೋಲು ಹಾಕಿ ತಿರುವಿದರೆ ಗಟ್ಟಿಯಾಗಿದ್ದ ಬಣ್ಣ ಮಜ್ಜಿಗೆ ನೀರಾಗಿರುತ್ತದೆ.

ಇದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ಕೆಲಸ. ಡಿಸ್ಟೆಂಪರ್, ಎಮಲ್ಷನ್‌ಗಳಲ್ಲಿ ನೀರಿದೆ. ಬಣ್ಣ ಮಂದವಾಗಿರಲಿ ಎಂದು ಹಲವು ಬಣ್ಣಗಳಿಗೆ ಸೆಲ್ಯುಲೋಸಿನಿಂದ ಮಾಡಿದ ಅಂಟುಪದಾರ್ಥ ಬೆರೆಸಿರುತ್ತಾರೆ. ಸೂಕ್ಷ್ಮಜೀವಿಗಳಿಗೆ ಅದೇ ಊಟ. ಅವು ಸೆಲ್ಯುಲೇಸ್ ಎಂಬ ಕಿಣ್ವವನ್ನು ಬಿಟ್ಟು ಆ ಅಂಟನ್ನು ತುಂಡರಿಸುತ್ತವೆ. ಬಣ್ಣ ನೀರಾಗುವುದು ಹೀಗೆ. ಒಳಗೆ ಹುಟ್ಟಿದ ಅನಿಲ ಮುಚ್ಚಳವನ್ನು ಎತ್ತುತ್ತದೆ, ಹುಟ್ಟಿದ ಆಮ್ಲ ಬಣ್ಣದ ಛಾಯೆಯನ್ನೂ ಬದಲಿಸಬಹುದು. ಆಯಿಲ್ ಪೇಂಟಿನಲ್ಲಿ ನೀರಿಲ್ಲದ್ದರಿಂದ ಅದು ಹೀಗೆ ಕೊಳೆಯುವುದಿಲ್ಲ; ಮೇಲೆ ಕೆನೆ ಕಟ್ಟಿ ಒಣಗುತ್ತದೆ, ಅಷ್ಟೇ.

ಇಂಥ ಬಣ್ಣಕ್ಕೆ ಫಿನಾಯಿಲೋ ಬ್ಲೀಚಿಂಗ್ ಪೌಡರೋ ಸುರಿದು ಸರಿಮಾಡಲು ನೋಡುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. ಜೀವಿಗಳು ಸತ್ತರೂ ಅವು ಬಿಟ್ಟುಹೋದ ಕಿಣ್ವ ತನ್ನ ಕೆಲಸ ಮುಂದುವರಿಸುತ್ತದೆ. ಕಡಿದುಹೋದ ಅಂಟು ಮತ್ತೆ ಕೂಡುವುದಿಲ್ಲ. ಅಂಥ ಬಣ್ಣ ಬಳಿದರೆ ಗೋಡೆ ಮುಚ್ಚುವುದಿಲ್ಲ, ಕೋಣೆಯಲ್ಲಿ ನಾತ ಉಳಿಯುತ್ತದೆ, ಬೂಷ್ಟಿಗೂ ಬೇಗ ಎಡೆಯಾಗುತ್ತದೆ. ನಾತ ಹೊಡೆಯುವ ಡಬ್ಬಿಯನ್ನು ಬಿಟ್ಟುಬಿಡುವುದೇ ಲಾಭ.

ಕೆಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಕಾರ್ಖಾನೆಯಲ್ಲಿ ಬಣ್ಣಕ್ಕೆ ಸಂರಕ್ಷಕ ರಾಸಾಯನಿಕ ಹಾಕಿರುತ್ತಾರೆ. ನಾವು ನೀರು ಬೆರೆಸಿದಷ್ಟೂ ಅದು ತೆಳುವಾಗಿ ಬಲ ಕಳೆದುಕೊಳ್ಳುತ್ತದೆ. ಕಾಲುವೆಯ ನೀರು, ಪಾಚಿ ಕಟ್ಟಿದ ತೊಟ್ಟಿಯ ನೀರು ಬೆರೆಸಿದರೆ ಕೆಡಿಸುವ ಜೀವಿಗಳನ್ನೂ ನಾವೇ ಸುರಿದ ಹಾಗೆ. ಆ ದಿನಕ್ಕೆ ಬೇಕಾದಷ್ಟು ಬಣ್ಣವನ್ನು ಬೇರೆ ಬಕೆಟ್ಟಿಗೆ ಸುರಿದುಕೊಂಡು ಅದಕ್ಕೆ ಮಾತ್ರ ಶುದ್ಧ ನೀರು ಬೆರೆಸಿ. ಬ್ರಷ್ಷನ್ನು ಮೂಲ ಡಬ್ಬಿಗೆ ಅದ್ದಬೇಡಿ. ಬಕೆಟ್ಟಿನಲ್ಲಿ ಉಳಿದದ್ದನ್ನು ತಿರುಗಿ ಡಬ್ಬಿಗೆ ಸುರಿಯಲೇಬೇಡಿ. ನಾನು ಕಂಡಂತೆ ಬಣ್ಣ ಕೆಡುವುದು ಬಹುಪಾಲು ಈ ಉಳಿತಾಯದಿಂದಲೇ. ಡಬ್ಬಿಯ ಅಂಚು ಒರೆಸಿ ಮುಚ್ಚಳ ಬಿಗಿಯಾಗಿ ಒತ್ತಿ ನೆರಳಿನಲ್ಲಿಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಕೆಳಗೆ ಅದಕ್ಕಿಂತಲೂ ಹೆಚ್ಚು. ಬಣ್ಣದ ಡಬ್ಬಿಗೆ ಅದು ತಕ್ಕ ಜಾಗವಲ್ಲ.

ಸಂರಕ್ಷಕದ ವಿಷಯದಲ್ಲಿ ಒಂದು ಹಳೆಯ ಘಟನೆ ಹೇಳಬೇಕು. ಬಣ್ಣ ಕೊಳೆಯದಿರಲಿ, ಬೂಷ್ಟು ಹಿಡಿಯದಿರಲಿ ಎಂದು ಹಿಂದೆ ಪಾದರಸದ ಸಂಯುಕ್ತ ಬೆರೆಸುತ್ತಿದ್ದರು. 1989ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಮನೆಯೊಳಗೆ ಅಂಥ ಬಣ್ಣ ಬಳಿದ ಮೇಲೆ ನಾಲ್ಕು ವರ್ಷದ ಹುಡುಗ ಪಾದರಸದ ವಿಷಬಾಧೆಗೆ ತುತ್ತಾದ. ಮರುವರ್ಷವೇ ಅಲ್ಲಿ ಮನೆಯೊಳಗಿನ ಬಣ್ಣಗಳಿಂದ ಪಾದರಸ ಹೊರಬಿತ್ತು. ಈಗ ಬಳಸುವ ಐಸೋಥಯಾಜೊಲಿನೋನ್ ಗುಂಪಿನ ರಾಸಾಯನಿಕಗಳು ಅಷ್ಟು ಘೋರವಲ್ಲ, ಆದರೂ ಚರ್ಮಕ್ಕೆ ಅಲರ್ಜಿ ಮಾಡುತ್ತವೆ. ಕೈ ಕಡಿತ, ಗಾದರಿ ಎಂದು ದೂರುವ ಬಣ್ಣದವರು ಕೈಗವಸು ಹಾಕಿಕೊಳ್ಳುವುದೇ ಮದ್ದು.

ಗೋಡೆಯ ಮೇಲಿನದು ಬೂಷ್ಟೋ, ಉಪ್ಪೋ

ಮೊದಲು ಇದು ಗೊತ್ತಾಗಬೇಕು, ಎರಡಕ್ಕೂ ಒಂದೇ ಔಷಧವಿಲ್ಲ. ಬಿಳಿ ಪುಡಿ ಏಳುತ್ತಿದ್ದು ನೀರಿನಲ್ಲಿ ಕರಗಿದರೆ ಅದು ನೆಲದಿಂದ ಏರಿದ ಉಪ್ಪು. ಕಪ್ಪು ಕಲೆಯ ಮೇಲೆ ಬ್ಲೀಚಿಂಗ್ ನೀರಿನ ಹನಿ ಬಿಟ್ಟಾಗ ಕೆಲವು ನಿಮಿಷದಲ್ಲಿ ಕಲೆ ತಿಳಿಯಾದರೆ ಬೂಷ್ಟು. ಹಾಗೇ ಉಳಿದರೆ ಹೊಗೆಮಸಿ ಅಥವಾ ಕೊಳೆ.

ಬೂಷ್ಟಿಗೆ ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿ ನೀರನ್ನು ಮಾತ್ರ ಬಸಿದುಕೊಂಡು ಬಟ್ಟೆಯಿಂದ ಹಚ್ಚಿ. ಕಾಲು ಗಂಟೆ ಬಿಟ್ಟು ಬರೀ ನೀರಿನಿಂದ ತೊಳೆದು, ಕಿಟಕಿ ತೆರೆದಿಟ್ಟು ಗೋಡೆ ಪೂರ್ತಿ ಒಣಗಲು ಬಿಡಿ. ಬ್ಲೀಚಿಂಗ್ ಜೊತೆ ಆ್ಯಸಿಡ್ ಅಥವಾ ಸಂಡಾಸು ತೊಳೆಯುವ ದ್ರವ ಎಂದೂ ಕೂಡಿಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟಿಸುತ್ತದೆ. ಬಚ್ಚಲಿಗೆ ಗಾಳಿ ಆಡದಿದ್ದರೆ, ನಲ್ಲಿ ಸೋರುತ್ತಿದ್ದರೆ ಈ ಎಲ್ಲ ಶ್ರಮ ಮುಂದಿನ ಮಳೆಗಾಲದವರೆಗೆ ಮಾತ್ರ.

ಉಪ್ಪು ಏರಿದ ಗೋಡೆಗೆ ಆಯಿಲ್ ಪೇಂಟ್ ಬಳಿಯುವುದು ತಪ್ಪು ಮದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಗೋಡೆಯ ಉಸಿರು ಕಟ್ಟುತ್ತದೆ. ಒಳಗಿನ ತೇವ ಹೊರಬರಲು ದಾರಿ ಕಾಣದೆ ಬಣ್ಣವನ್ನೇ ದೂಡಿಕೊಂಡು ಬರುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಹೊಸದಾಗಿ ಅರಳಿಸಿದ ಸುಣ್ಣದ ಕ್ಷಾರ ಎಷ್ಟು ತೀಕ್ಷ್ಣವೆಂದರೆ ಬೂಷ್ಟು ಅದರಲ್ಲಿ ಬದುಕಲಾರದು, ತೇವವೂ ಅದರ ಮೂಲಕ ಆವಿಯಾಗಿ ಹೋಗುತ್ತದೆ. ಹಳೆ ಆಯಿಲ್ ಪೇಂಟಿನ ಮೇಲೆ ಮಾತ್ರ ಸುಣ್ಣ ಹಿಡಿಯುವುದಿಲ್ಲ, ಆ ಪೇಂಟನ್ನು ತೆಗೆಯಲೇಬೇಕಾಗುತ್ತದೆ. ಸೀಸದ ಮಾತು ಬರುವುದು ಇಲ್ಲೇ.

ಸೀಸ ಎಲ್ಲಿದೆ

ಹಳದಿ, ಕಿತ್ತಳೆ, ಕೆಂಪು, ಜೊತೆಗೆ ಹಳದಿ ಬೆರೆಸಿ ಮಾಡಿದ ಹಸಿರು: ಹಳೆಯ ಎನಾಮಲ್ಲುಗಳಲ್ಲಿ ಈ ಬಣ್ಣಗಳನ್ನು ಮೊದಲು ಅನುಮಾನಿಸಿ. ಕಣ್ಣು ಕುಕ್ಕುವ ಆ ಹಳದಿ ಎಷ್ಟೋ ಸಲ ಸೀಸದ ಕ್ರೋಮೇಟ್. ಅದರ ತೂಕದಲ್ಲಿ ನೂರಕ್ಕೆ ಸುಮಾರು 64 ಪಾಲು ಸೀಸವೇ. (ಅರಿಶಿನ ಪುಡಿಗೆ ಹೊಳಪು ಬರಿಸಲು ಕಳ್ಳತನದಲ್ಲಿ ಬೆರೆಸುವುದೂ ಇದನ್ನೇ. ಅರಿಶಿನ ಕೊಂಬನ್ನು ತಂದು ಮನೆಯಲ್ಲೇ ಪುಡಿ ಮಾಡಿಸಿಕೊಳ್ಳುವ ಹಳೆಯ ಪದ್ಧತಿ ಒಳ್ಳೆಯದು.) ಬಣ್ಣ ಬೇಗ ಒಣಗಲೆಂದೂ ಸೀಸದ ಸಂಯುಕ್ತ ಹಾಕುತ್ತಿದ್ದರು, ಹಾಗಾಗಿ ಹಳೆಯ ಬಿಳಿ ಎನಾಮಲ್ಲನ್ನೂ ಪೂರ್ತಿ ನಂಬುವಂತಿಲ್ಲ. ಕಬ್ಬಿಣದ ಗೇಟು, ಗ್ರಿಲ್ಲುಗಳಿಗೆ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದ ರೆಡ್ ಲೆಡ್ ಅಂತೂ ಸೀಸದ ಆಕ್ಸೈಡೇ. ಈಗ ಸಾಮಾನ್ಯವಾಗಿ ಸಿಗುವ ರೆಡ್ ಆಕ್ಸೈಡ್ ಬೇರೆ, ಅದರ ಕೆಂಪು ಕಬ್ಬಿಣದ್ದು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳು ಸಾವಿರಾರು ವರ್ಷ ಮಳೆ-ಬಿಸಿಲು ತಿಂದೂ ಉಳಿದಿವೆ. ಅದೂ ಕಬ್ಬಿಣದ ಕೆಂಪೇ. ಬಾಳಿಕೆಗೆ ಸೀಸವೇ ಬೇಕು ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ನೋಡಬೇಕು.

2016ರ ನವೆಂಬರ್ 1ರಂದು ಕೇಂದ್ರ ಸರ್ಕಾರ ಮನೆಬಳಕೆ ಮತ್ತು ಅಲಂಕಾರಿಕ ಬಣ್ಣಗಳಿಗೆ ಸೀಸದ ಮಿತಿ ಹಾಕಿ ನಿಯಮ ಹೊರಡಿಸಿತು. ಒಂದು ವರ್ಷದ ಬಳಿಕ ಅದು ಜಾರಿಗೆ ಬಂತು. ಮಿತಿ 90 ಪಿಪಿಎಂ, ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಅದಕ್ಕೂ ಮೊದಲಿನ ಕೆಲವು ಎನಾಮಲ್ಲುಗಳಲ್ಲಿ ಸೀಸ 10,000 ಪಿಪಿಎಂ ದಾಟುತ್ತಿತ್ತು. ಎಂದಮೇಲೆ 2017ರ ನವೆಂಬರಿಗಿಂತ ಹಿಂದಿನ ಆಯಿಲ್ ಪೇಂಟನ್ನೆಲ್ಲ ಸೀಸವಿದೆ ಎಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ. ಹೊಸ ಡಬ್ಬಿ ಕೊಳ್ಳುವಾಗ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಘೋಷಣೆ, ತಯಾರಕರ ಹೆಸರು-ವಿಳಾಸ, ತಯಾರಾದ ತಿಂಗಳು ಓದಿ. ನಿಯಮ ಬಂದ ಮೇಲೂ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಮಾರುಕಟ್ಟೆಯಿಂದ ಕೊಂಡು ಪರೀಕ್ಷಿಸಿದಾಗ ಸಣ್ಣ ತಯಾರಕರ ಹಲವು ಬಣ್ಣಗಳು ಮಿತಿ ಮೀರಿದ್ದವು. ಲೇಬಲ್ಲಿಲ್ಲದ ಬಿಡಿ ಬಣ್ಣ ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ. ಈ ನಿಯಮ ಕಾರ್ಖಾನೆ ಬಳಕೆಯ ಬಣ್ಣಗಳಿಗೆ ಅನ್ವಯಿಸುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಗೆ ತಂದು ಉಳಿದ ಹಳದಿಯನ್ನು ತೊಟ್ಟಿಲಿಗೆ, ಮಂಚಕ್ಕೆ ಬಳಿಯಬೇಡಿ.

ಗೋಡೆಯಾಚೆಗೂ ನೋಡಬೇಕು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿಯುವುದು ಬಹಳ ಸಲ ಮನೆಯಲ್ಲಿ ಉಳಿದಿದ್ದ ಎನಾಮಲ್ಲೇ. ಬಳಿಯುವವರು ಹುಡುಗರು, ಕೈಗೆ ಹತ್ತಿದ್ದನ್ನು ಅಂಗಿಗೆ ಒರೆಸಿಕೊಂಡು ಹೋಳಿಗೆಗೆ ಕೂತುಬಿಡುತ್ತಾರೆ. ಮರುವರ್ಷ ಬಳಿಯುವ ಮುನ್ನ ಹಳೆ ಬಣ್ಣವನ್ನು ಚಾಕುವಿನಿಂದ ಕೆರೆಯುವುದೂ ಉಂಟು. ಆ ಚೂರುಗಳು ಗೋದಲಿಗೆ ಬಿದ್ದರೆ ದನ ನೆಕ್ಕುತ್ತದೆ. ದನಗಳಿಗೆ ಸೀಸದ ವಿಷವೇರುವುದು ಪಶುವೈದ್ಯರಿಗೆ ಗೊತ್ತಿರುವ ಕಾಯಿಲೆ: ಕಣ್ಣು ಕಾಣದಾಗುತ್ತದೆ, ಹಲ್ಲು ಕಡಿಯುತ್ತವೆ, ಸೆಳವು ಬರುತ್ತದೆ. ಹಬ್ಬದ ಸಂಭ್ರಮ ಕಳೆಯಬೇಕಿಲ್ಲ, ಕೆಮ್ಮಣ್ಣೂ ಅರಿಶಿನವೂ ಕೊಂಬಿಗೆ ಚೆಂದವೇ. ಹಾಗೆಯೇ ಊರ ಹನುಮಪ್ಪನಿಗೆ ಹಚ್ಚುವ ಕಿತ್ತಳೆ ಸಿಂಧೂರ ಕೆಲವು ಕಡೆ ಸೀಸದ ಆಕ್ಸೈಡೇ ಆಗಿರುತ್ತದೆ. ದೇವರಿಗೆ ಸಲ್ಲಲಿ, ಮಕ್ಕಳ ಹಣೆಗೆ ಅರಿಶಿನದ ಕುಂಕುಮ ಇಡಿ, ಸಿಂಧೂರ ಮುಟ್ಟಿದ ಕೈ ತೊಳೆದು ಪ್ರಸಾದ ತಿನ್ನಲಿ.

ಕೆರೆಯುವುದು ಹೇಗೆ

ಎಲ್ಲ ಹಳೆ ಬಣ್ಣವನ್ನೂ ಕೆರೆಯಬೇಕಿಲ್ಲ. ಬಿರುಕು, ಗುಳ್ಳೆ ಇಲ್ಲದೆ ಗಟ್ಟಿಯಾಗಿ ಕೂತಿದ್ದರೆ ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಮೇಲೆ ಪ್ರೈಮರ್ ಮತ್ತು ಹೊಸ ಬಣ್ಣ ಕೊಡಿ. ಮುಚ್ಚಿಹೋದ ಸೀಸ ಹಾನಿ ಮಾಡುವುದಿಲ್ಲ. ಗಟ್ಟಿ ಬಣ್ಣವನ್ನು ಸುಮ್ಮನೆ ಉಜ್ಜಿ ಧೂಳೆಬ್ಬಿಸುವುದೇ ಅಪಾಯ.

ಉದುರುವ ಬಣ್ಣವನ್ನು ತೆಗೆಯಲೇಬೇಕು. ಆ ದಿನ ಬಸುರಿ-ಬಾಣಂತಿಯರು, ಆರು ವರ್ಷದೊಳಗಿನ ಮಕ್ಕಳು ಬೇರೆ ಮನೆಯಲ್ಲಿರಲಿ. ಕಾಳುಕಡಿ, ಹಾಸಿಗೆ, ನೀರಿನ ಕೊಡ ಹೊರಗಿಡಿ. ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚುಗಳನ್ನು ಟೇಪಿನಿಂದ ಅಂಟಿಸಿ. ಖಾಲಿ ಗೊಬ್ಬರದ ಚೀಲ ಬಿಡಿಸಿ ಹಾಸಿದರೆ ಸಾಲದು, ಅದರ ನೇಯ್ಗೆಯ ಸಂದಿನಿಂದ ಪುಡಿ ಇಳಿಯುತ್ತದೆ. ಬೆಳೆಗೆ ಔಷಧಿ ಹೊಡೆದ ಪಂಪು ಬೇಡ, ಹೊಸ ಕೈಪಂಪಿನಿಂದ ಗೋಡೆಗೆ ನೀರು ಚಿಮುಕಿಸಿ, ನೆನೆದ ಮೇಲೆ ಸ್ಕ್ರೇಪರ್ ಪಟ್ಟಿಯಿಂದ ಕೆರೆಯಿರಿ. ನಯ ಮಾಡಲು ನೀರು ಹಾಕಿ ಉಜ್ಜುವ ಎಮೆರಿ ಕಾಗದ ಸಿಗುತ್ತದೆ, ಅದನ್ನೇ ಬಳಸಿ. ಒಣ ಉಜ್ಜುವಿಕೆ, ಗ್ರೈಂಡರ್ ಯಂತ್ರ, ಬೆಂಕಿ ಹಿಡಿದು ಬಣ್ಣ ಸುಡುವುದು ಈ ಮೂರೂ ನಿಷಿದ್ಧ. ಸುಟ್ಟರೆ ಸೀಸ ಹೊಗೆಯಾಗಿ ನೇರ ಪುಪ್ಪುಸಕ್ಕೇ ಹೋಗುತ್ತದೆ.

ಕೆಲಸ ಮಾಡುವವರು ಎನ್-95 ಮುಸುಕು ಹಾಕಿಕೊಳ್ಳಬೇಕು. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಗುಟಕಾ, ಬೀಡಿ, ತಂಬಾಕಿನದು. ಅದೇ ಕೈಯಿಂದ ಸುಣ್ಣ-ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡರೆ ಸೀಸ ಹೊಟ್ಟೆ ಸೇರಲು ಬೇರೆ ದಾರಿ ಬೇಕಿಲ್ಲ. ಸಾಬೂನು ಹಚ್ಚಿ ಕೈ-ಮುಖ ತೊಳೆಯದೆ ಚಹಾ ಕೂಡ ಬೇಡ. ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಧೂಳು ಅವರ ಮನೆಯನ್ನೂ ಸೇರುತ್ತದೆ. ಬದಲಿಸಲು ಒಂದು ಜೊತೆ ಬಟ್ಟೆ, ಸ್ನಾನಕ್ಕೆ ಒಂದು ಬಕೆಟ್ ನೀರು ಕೊಡುವುದು ಮನೆಯವರ ಹೊಣೆ.

ಕೆಲಸ ಮುಗಿದ ಮೇಲೆ ಕಸಬರಿಗೆಯಿಂದ ಒಣ ಗುಡಿಸಬೇಡಿ. ಪ್ಲಾಸ್ಟಿಕ್ ಹಾಳೆಯನ್ನು ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ನೆಲವನ್ನು ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಆ ಚೀಲ ತಿಪ್ಪೆಗೆ ಹೋಗಬಾರದು. ತಿಪ್ಪೆಯನ್ನು ಕೋಳಿ ಕೆದಕುತ್ತದೆ, ಗೊಬ್ಬರವಾಗಿ ಅದು ಹೊಲ ಸೇರುತ್ತದೆ. ಕಾಲುವೆಗೂ ಬೇಡ, ಬೆಂಕಿಗೂ ಬೇಡ. ಬೇರೆ ಕಸಕ್ಕೆ ಕೂಡಿಸದೆ, ಬಣ್ಣದ ಪುಡಿಯೆಂದು ತಿಳಿಸಿ ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಮಕ್ಕಳ ರಕ್ತದಲ್ಲಿ

ಇಷ್ಟು ಮುಂಜಾಗ್ರತೆ ಏಕೆ? ನುಂಗಿದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಅದು ಮೂಳೆಯಲ್ಲಿ ದಶಕಗಟ್ಟಲೆ ಕೂರುತ್ತದೆ, ಹುಡುಗಿ ಬೆಳೆದು ಬಸುರಿಯಾದಾಗ ಅಲ್ಲಿಂದ ಹೊರಬಂದು ಹೊಟ್ಟೆಯೊಳಗಿನ ಕೂಸನ್ನೂ ಮುಟ್ಟುತ್ತದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಹುಪಾಲು ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ಹಟ, ಓದಿನಲ್ಲಿ ಹಿಂದೆ ಬೀಳುವುದು ಇವಕ್ಕೆಲ್ಲ ಬೇರೆ ಕಾರಣ ಹುಡುಕುತ್ತೇವೆ.

ಈ ಮಾತನ್ನು ದೇಶಕ್ಕೆ ಮೊದಲು ಗಟ್ಟಿಯಾಗಿ ಹೇಳಿದ್ದು ಬೆಂಗಳೂರೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ಡಾ. ತುಪ್ಪಿಲ್ ವೆಂಕಟೇಶ್, ಜಾರ್ಜ್ ಫೌಂಡೇಷನ್ ಎಂಬ ಸೇವಾಸಂಸ್ಥೆಯ ಜೊತೆಗೂಡಿ 1990ರ ದಶಕದ ಕೊನೆಗೆ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದರು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿದ ಸೀಸವಿತ್ತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದರ ಮೇಲೆ ಅಂತಾರಾಷ್ಟ್ರೀಯ ಸಮ್ಮೇಳನವೂ ನಡೆಯಿತು. 2000ದಲ್ಲಿ ದೇಶದ ಪೆಟ್ರೋಲು ಸೀಸಮುಕ್ತವಾಯಿತು. ಬಣ್ಣದ ಸರದಿ ಬರಲು ಮತ್ತೆ 16 ವರ್ಷ ಹಿಡಿಯಿತು. ಸೀಸದ ವಿಷದ ರಾಷ್ಟ್ರೀಯ ರೆಫರಲ್ ಕೇಂದ್ರ ಹುಟ್ಟಿದ್ದೂ ಸೇಂಟ್ ಜಾನ್ಸ್‌ನಲ್ಲೇ.

ನಿಮ್ಮ ಮಗು ಗೋಡೆಯ ಹೊಪ್ಪಳಿಕೆ ಕಿತ್ತು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡಿದ್ದರೆ, ಅಥವಾ ಮಗು ಇರುವಾಗಲೇ ಮನೆಯಲ್ಲಿ ಒಣ ಉಜ್ಜುವಿಕೆ ನಡೆದಿದ್ದರೆ, ವೈದ್ಯರಿಗೆ ಹಾಗೆಂದೇ ಹೇಳಿ ರಕ್ತದ ಸೀಸದ ಪರೀಕ್ಷೆಗೆ ಬರೆಸಿಕೊಳ್ಳಿ. ಅದು ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಬರುವುದಿಲ್ಲ, ಕೇಳಿಯೇ ಮಾಡಿಸಬೇಕು. ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತೆಗೆಯಬೇಕು. ಮಕ್ಕಳಿಗೆ ಸೀಸವನ್ನು ಹೊರತೆಗೆಯುವ ಔಷಧಿಯ ಮಾತು ಬರುವುದು 45 ದಾಟಿದಾಗ, ಅದೂ ಆಸ್ಪತ್ರೆಯಲ್ಲಿ. ಮನೆಮದ್ದಿನಿಂದ ಸೀಸ ಇಳಿಯುವುದಿಲ್ಲ. ನಾಗಭಸ್ಮ ಎಂದು ಕೊಡುವುದು ಸೀಸದಿಂದಲೇ ಮಾಡಿದ್ದು ಎಂಬುದೂ ನೆನಪಿರಲಿ.

ಕಬ್ಬಿಣಾಂಶ, ಸುಣ್ಣದಂಶ ಕಡಿಮೆ ಇರುವ ಮಗುವಿನ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಶಾಲೆಯಲ್ಲಿ ಕೊಡುವ ಹಾಲು, ರಾಗಿ ಮಾಲ್ಟ್, ಮೊಟ್ಟೆ, ಕಬ್ಬಿಣದ ಮಾತ್ರೆಗಳನ್ನು ಮಕ್ಕಳು ಬಿಡದಂತೆ ನೋಡಿಕೊಳ್ಳುವುದು ಈ ಕಾರಣಕ್ಕೂ ಮುಖ್ಯ. ಊಟಕ್ಕೆ ಮುಂಚೆ ಕೈತೊಳೆಸುವುದು ಅದಕ್ಕಿಂತ ಮುಖ್ಯ.

ಅಂಗನವಾಡಿ ಮತ್ತು ಶಾಲೆಗಳ ಮಾತು ಹೇಳದೆ ಇದನ್ನು ಮುಗಿಸಲಾರೆ. ಮಕ್ಕಳು ತುಟಿಯಿಟ್ಟು ನಿಲ್ಲುವ ಕಿಟಕಿಯ ಸರಳು, ಜಾರುಬಂಡೆ, ಬಾಗಿಲು ಎಲ್ಲಕ್ಕೂ ಹಳದಿ-ಕೆಂಪು ಎನಾಮಲ್ಲೇ. ಬಣ್ಣ ಬಳಿಸುವಾಗ ಡಬ್ಬಿಯ ಲೇಬಲ್ಲು ಮತ್ತು ಬಿಲ್ಲನ್ನು ನೋಡುವ ಹಕ್ಕು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗಿದೆ, ಕೇಳಬೇಕು. ಕೆರೆಯುವ ಕೆಲಸ ರಜೆಯಲ್ಲೇ ಆಗಲಿ.

ನಮ್ಮಲ್ಲಿ ಬಣ್ಣದ ಕೆಲಸ ಬಹುತೇಕ ಉಕ್ತೆಯ ಮೇಲೆ, ಚದರ ಅಡಿಗಿಷ್ಟು ಎಂದು ನಡೆಯುತ್ತದೆ. ನೀರು ಚಿಮುಕಿಸಿ ಕೆರೆಯಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನ ಕೂಲಿ ಉಕ್ತೆಯಲ್ಲಿ ಸೇರಿರುವುದಿಲ್ಲ. ಬಣ್ಣದವನು ಒಣಗಿದ್ದಂತೆಯೇ ಉಜ್ಜುವುದು ಅದಕ್ಕೇ. ಆದ್ದರಿಂದ ಮಾತು ಮುಗಿಸುವ ಮುನ್ನವೇ "ಒದ್ದೆ ಮಾಡಿ ಕೆರೀರಿ, ಅದರ ಕೂಲಿ ಬ್ಯಾರೆ ಕೊಡ್ತೀವಿ" ಎಂದು ಹೇಳಿ, ಮುಸುಕು, ಕೈಗವಸು ನೀವೇ ತಂದುಕೊಡಿ.